ಪಡುಗಾಳಿ ತಂದದ್ದು

ಜಗತ್ತಿನಲ್ಲಿ ಇನ್ನೂ ತೀರ್ಮಾನವಾಗದ ಪ್ರಶ್ನೆಗಳು ಹಲವಿವೆ. ವಿಸ್ಕಾನ್ಸಿನ್ನಿನ ಉತ್ತರಕ್ಕಿರುವ ಟ್ಯಾಮರಕ್ ಕೆರೆಯ ದಂಡೆಯವರಿಗೆ ಅವುಗಳಲ್ಲಿ ತುರ್ತಿನದು ಒಂದೇ: ಇವತ್ತು ಗಾಳಿ ಎತ್ತ ಕಡೆಯದು? ಅದಕ್ಕೆ ಉತ್ತರ ಹೇಳುವ ಅಧಿಕಾರ ವರ್ಲಿನ್ ಹಾಗ್‌ಸ್ಟಾಡನದು. ಮೂವತ್ತೊಂದು ವರ್ಷಗಳಿಂದ ಅವನು ಅಡುಗೆಮನೆಯ ಕ್ಯಾಲೆಂಡರಿನ ಚೌಕಗಳಲ್ಲಿ ಗಾಳಿಯ ದಿಕ್ಕನ್ನೂ ಅಂದು ಸಿಕ್ಕ ಮಸ್ಕಿ ಮೀನುಗಳ ಸಂಖ್ಯೆಯನ್ನೂ ಬರೆಯುತ್ತ ಬಂದಿದ್ದ. ಸಂಖ್ಯೆ ಹೆಚ್ಚಾಗಿ ಸೊನ್ನೆಯೇ. ಹತ್ತು ಸಾವಿರ ಸಲ ಗಾಳ ಬೀಸಿದರೆ ಒಂದು ಕಚ್ಚೀತು ಎನ್ನುವಂಥ ಮೀನು ಅದು. ಆದರೂ "ಪಡುಗಾಳಿ ಬಂದರೆ ದೋಣಿಗೆ ಮೀನು, ಮೂಡಗಾಳಿ ಬಂದರೆ ಮನೆಗೆ ನೀನು" ಎಂದು ಅವನು ಹೇಳಿದ ಮೇಲೆ ಊರಿನಲ್ಲಿ ಎದುರು ಮಾತಿರಲಿಲ್ಲ.

ಆಗಸ್ಟಿನ ಆ ಭಾನುವಾರ ಮಧ್ಯಾಹ್ನ ಒಳ್ಳೆಯ ಪಡುಗಾಳಿ. ಅಲೆಗಳು ಸಣ್ಣ ಮೀನುಗಳನ್ನು ಮೂಡಣ ದಡದ ಬಂಡೆಗಳತ್ತ ತಳ್ಳುತ್ತವೆ, ಅವುಗಳ ಬೆನ್ನಿಗೆ ದೊಡ್ಡದು ಬರುತ್ತದೆ ಎಂಬುದು ವರ್ಲಿನ್ನನ ಶಾಸ್ತ್ರ. ಆ ದಡದಲ್ಲೇ ಇರುವ ಮುದುಕಿ ಡೊಲೊರೆಸ್ ಪೆಕ್ಕರಿನೆನ್ನಳ ದೋಣಿಕಟ್ಟೆಯ ಎದುರಿಗೇ ಶಾಸ್ತ್ರ ಫಲಿಸಿತು. ಭಾವಮೈದ ಆರ್ಡೆಲ್ ಬಲೆಯೊಡ್ಡಿದ. ಅಳತೆಪಟ್ಟಿಯ ಮೇಲೆ ಐವತ್ತೊಂದು ಇಂಚು. ವರ್ಲಿನ್ನನ ಜೀವಮಾನದಲ್ಲಿ ಐವತ್ತು ದಾಟಿದ್ದು ಅದೇ ಮೊದಲು.

"ಫೋಟೊ ತೆಗಿ, ಬೇಗ" ಎಂದು ಅವನು ಎರಡೂ ಕೈಗಳಲ್ಲಿ ಮೀನನ್ನೆತ್ತಿ ಹಿಡಿದ.

"ತೆಗ್ದೆ. ತಡಿ, ನನ್ನ ಹೆಬ್ಬೆರಳೇ ಬಂದಿದೆ."

"ಇನ್ನೊಂದು ತೆಗಿ."

"ಇದ್ರಲ್ಲಿ ನೀನು ಕಣ್ಣು ಮುಚ್ಕೊಂಡಿದೀಯ. ಮೀನು ಮಾತ್ರ ಚೆನ್ನಾಗಿ ಬಂದಿದೆ."

"ಬರೀ ಮೀನಿನ ಫೋಟೊ ಇಟ್ಕೊಂಡು ನಾನೇನ್ ಮಾಡ್ಲಿ? ಇನ್ನೊಂದು."

"ಟೋಪಿ ಮೇಲೆ ಮಾಡು ಮಾರಾಯ, ಮುಖಾನೇ ಕಾಣ್ತಿಲ್ಲ."

ದೋಣಿ ಇಳಿಸುವ ಜಾಗದಲ್ಲಿ ಒಂದು ಫಲಕವಿದೆ. ಬರೆದವನು ವರ್ಲಿನ್ನನೇ, ಬೇಸಿಗೆಯ ಪ್ರತಿ ಶನಿವಾರ ಅದರ ಕೆಳಗೆ ನಿಂತು ಬಂದವರಿಗೆಲ್ಲ ಪಾಠ ಹೇಳುವವನೂ ಅವನೇ. ಹಿಡಿದ ಮೀನನ್ನು ಬಿಟ್ಟುಬಿಡುವುದು ಅಲ್ಲಿಯ ಪದ್ಧತಿ. ಫಲಕ ಹೇಳುವುದಿಷ್ಟು: "ಮೀನು ನೀರಿನಿಂದ ಹೊರಗಿರುವಷ್ಟು ಹೊತ್ತು ನೀವೂ ಉಸಿರು ಹಿಡಿಯಿರಿ. ನಿಮಗೆ ತಡೆಯದಾದಾಗ ಅದಕ್ಕೂ ತಡೆಯದು." ಆ ಮಧ್ಯಾಹ್ನ ವರ್ಲಿನ್ ಧಾರಾಳವಾಗಿ ಉಸಿರಾಡಿದ. ಆರ್ಡೆಲನನ್ನು ಬಯ್ಯುವುದಕ್ಕೂ ಉಸಿರು ಬೇಕಾಗಿತ್ತು.

ಕೊನೆಗೆ ನೀರಿಗೆ ಬಿಟ್ಟಾಗ ಮೀನು ಒಂದು ಮಗ್ಗುಲಿಗೆ ವಾಲಿ, ಹಾಗೆಯೇ ನಿಧಾನವಾಗಿ ಕೆಳಗಿಳಿಯಿತು.

"ಹೋಯ್ತು ಅಲ್ವಾ?" ಎಂದ ಆರ್ಡೆಲ್.

"ಹೋಯ್ತು" ಎಂದ ವರ್ಲಿನ್.

ಸೋಮವಾರ ಗಾಳ, ಎರೆಹುಳ ಮಾರುವ ಅಂಗಡಿಯ ಗೋಡೆಗೆ ಫೋಟೊ ಏರಿತು. ಬಿಟ್ಟಾಗ ಹೇಗಿತ್ತು ಎಂದು ಯಾರೋ ಕೇಳಿದರು. "ಬಾಲ ಬೀಸಿ, ಮುಖಕ್ಕೆ ನೀರೆರಚಿ ಹೋಯ್ತು" ಎಂದು ವರ್ಲಿನ್ ಹೇಳಿ, ಕಿಟಕಿಯಾಚೆ ಕಂಬದ ಮೇಲಿನ ಬಾವುಟವನ್ನು ನೋಡಿದ. ಮೂವತ್ತೊಂದು ವರ್ಷ ಪಡುಗಾಳಿಗಾಗಿ ಹಾರೈಸಿದವನು ಅಂದು ಮೊದಲ ಬಾರಿಗೆ ಮೂಡಗಾಳಿ ಬೀಸಲಪ್ಪಾ ಎಂದುಕೊಂಡ. ಬೀಸಿದ್ದರೆ, ತೇಲುವುದೇನಿದ್ದರೂ ಪಡುವಣದ ಜೊಂಡಿನ ಜೌಗಿಗೆ ಹೋಗಿಬಿಡುತ್ತಿತ್ತು. ಅತ್ತ ಯಾರೂ ಹೋಗುವುದಿಲ್ಲ. ಬಾವುಟ ಕದಲಿದರೂ ದಿಕ್ಕು ಬದಲಿಸಲಿಲ್ಲ.

ಮಂಗಳವಾರ ಬೆಳಿಗ್ಗೆ ಡೊಲೊರೆಸ್ ಫೋನ್ ಮಾಡಿದಳು. "ವರ್ಲಿನ್, ಪಡುಗಾಳಿಗೆ ಕೆರೇಲಿರೋದೆಲ್ಲ ನನ್ನ ಕಟ್ಟೆಗೇ ಬರತ್ತೆ ಅಂತಿದ್ಯಲ್ಲ. ಬಂದಿದೆ. ಗುದ್ದಲಿ ತಗೊಂಡು ಬಾ."

ಕಟ್ಟೆಯ ಕಂಬಗಳ ನಡುವೆ ಬಿಳಿ ಹೊಟ್ಟೆ ಮೇಲಾಗಿ ಅದು ತೇಲುತ್ತಿತ್ತು. ಅಲೆ ಬಂದಾಗಲೆಲ್ಲ ತಲೆ ಕಂಬಕ್ಕೆ ತಾಗುತ್ತಿತ್ತು. ಡೊಲೊರೆಸ್ ತೀರಿಹೋದ ಗಂಡನ ಕೋಟು ತೊಟ್ಟು, ಕಾಫಿ ಲೋಟ ಹಿಡಿದು ನಿಂತಿದ್ದಳು.

"ಶಿಕಾಗೋದವರ ಕೆಲಸ ಇರ್ಬೇಕು" ಎಂದಳು. ಆ ಕೆರೆಯಲ್ಲಿ ನಡೆಯುವ ಎಲ್ಲ ಅನ್ಯಾಯಗಳನ್ನೂ ಬೇಸಿಗೆಗೆ ಬಂದುಹೋಗುವ ಶಿಕಾಗೋದವರೇ ಮಾಡುವುದು ವಾಡಿಕೆ. ಅಷ್ಟು ಹೇಳಿ ಅವನ ಮುಖವನ್ನೇ ನೋಡಿದಳು, ಸಾಕಷ್ಟು ಹೊತ್ತು.

ವರ್ಲಿನ್ ಗುದ್ದಲಿಯ ಹಿಡಿಯನ್ನು ನೋಡಿದ. "ಇರಬಹುದು. ಅವ್ರಿಗೆಲ್ಲ ಎಷ್ಟು ಹೇಳಿದ್ರೂ ಅಷ್ಟೇ ನೋಡಿ."

ಡೊಲೊರೆಸ್ ಒಂದು ಗುಟುಕು ಕುಡಿದಳು. "ಹೋದ ವರ್ಷ ನಿನ್ನ ಪಾಠಕ್ಕೆ ನಾನೂ ಬಂದಿದ್ದೆ. ನೆನಪಿದ್ಯಾ?"

"ಇದೆ."

"ಅವತ್ತಿಂದ ಅದೊಂದು ಅಭ್ಯಾಸ ಆಗ್ಬಿಟ್ಟಿದೆ. ಯಾರಾದ್ರೂ ಮೀನೆತ್ತೋದು ಕಂಡ್ರೆ ನಾನೂ ಉಸಿರು ಹಿಡ್ಕೊಂಬಿಡ್ತೀನಿ. ಭಾನುವಾರ ಅಡುಗೆಮನೆ ಕಿಟಕಿ ಹತ್ರ ಪಾತ್ರೆ ತೊಳೀತಿದ್ದೆ." ಲೋಟದ ತಳದಲ್ಲಿದ್ದ ಕಾಫಿಯನ್ನು ಹುಲ್ಲಿಗೆ ಚೆಲ್ಲಿದಳು. "ಆರು ಸಲ ಹಿಡಿದೆ, ವರ್ಲಿನ್. ನನಗೆ ವಯಸ್ಸಾಯ್ತು, ಅದ್ರಲ್ಲಿ ಎರಡು ಕಳಕೋ."

ವರ್ಲಿನ್ ಅವಳ ಟೊಮೇಟೊ ಸಾಲಿನ ಪಕ್ಕದಲ್ಲಿ ಗುಂಡಿ ತೋಡಿದ. ಮೀನು ಹಿಡಿಸದೆ ಎರಡು ಸಲ ಅದನ್ನು ಉದ್ದ ಮಾಡಬೇಕಾಯಿತು. ಗುರುವಾರ ಮೂಡಗಾಳಿ ಬೀಸತೊಡಗಿತು. ಶನಿವಾರದ ಪಾಠವನ್ನು ಆರ್ಡೆಲ್ ಹೇಳಿದ.