ಖಾಲಿ ಕಾರ್ಡು

"ಹನ್ನೊಂದು ರೂಪಾಯಿ ಇದೆ ದೊಡ್ಡಮ್ಮ," ಎಂದ ನಿರಂಜನ, ಮೆಟ್ರೋ ಕಾರ್ಡನ್ನು ಮೊಬೈಲಿನ ಬೆನ್ನಿಗೆ ಹಿಡಿದು ನೋಡಿ.

ಗಿರಿಜಾಂಬಾ ನಂಬಲಿಲ್ಲ. ತಂಗಿಯ ಮಗನ ಕೈಯಲ್ಲಿ ಇನ್ನೊಮ್ಮೆ ಹಿಡಿಸಿದರು. ಆಗಲೂ ಹನ್ನೊಂದೇ. ಎದುರು ಮನೆಯ ಸೀತಮ್ಮ ಮಗಳು ಪ್ರೇರಣಾಳನ್ನು ಬೆಂಗಳೂರಿನ ಹಾಸ್ಟೆಲಿಗೆ ಸೇರಿಸಲು ಹೋಗುವಾಗ ಈ ಕಾರ್ಡನ್ನು ಒಯ್ದಿದ್ದಳು. "ಹೊಸದು ಯಾಕೆ ತಗೊಳ್ತೀಯ? ನಮ್ಮನೇಲಿ ಒಂದು ಇದೆಯಲ್ಲ" ಎಂದು ಗಿರಿಜಾಂಬಾ ಅವರೇ ಕೊಟ್ಟು ಕಳಿಸಿದ್ದರು. ಏಣಿ, ತಕ್ಕಡಿ, ಹಪ್ಪಳದ ಮಣೆ ಎಲ್ಲವೂ ಮೂವತ್ತು ವರ್ಷದಿಂದ ಆ ಎರಡು ಮನೆಗೆ ಸೇರಿ ಒಂದೊಂದೇ. ಆಗ ಕಾರ್ಡಿನಲ್ಲಿ ಇನ್ನೂರರ ಮೇಲಿತ್ತು. ಇವತ್ತು ಬೆಳಿಗ್ಗೆ ಅದನ್ನು ಹಿಂದಿರುಗಿಸಿ ಹೋಗಿದ್ದಳು.

ಕಳಸ ಊರಿನ ಆ ಮಗ್ಗುಲಿನಲ್ಲಿ ಪಾತ್ರೆ ಯಾವತ್ತೂ ಬರಿದಾಗಿ ವಾಪಸಾಗುವುದಿಲ್ಲ. ಸಾರು ಬಂದ ಪಾತ್ರೆಯಲ್ಲಿ ಏನಿಲ್ಲವೆಂದರೂ ಒಂದು ಚಮಚ ಸಕ್ಕರೆ ಹೋಗಬೇಕು. ಹಾಕಿದವರು ಹಾಕಿದೆ ಎನ್ನುವುದಿಲ್ಲ, ಪಡೆದವರು ಏನು ಹಾಕಿದೆ ಎಂದು ಕೇಳುವುದೂ ಇಲ್ಲ. ಮೆಟ್ರೋ ಕಾರ್ಡು ಪಾತ್ರೆ ಹೇಗಾಗುತ್ತದೆ ಎಂದು ಯಾರಾದರೂ ವಾದಕ್ಕೆ ನಿಲ್ಲಬಹುದು. ಗಿರಿಜಾಂಬಾ ಅವರ ಪ್ರಕಾರ ತುಂಬಿಸಲು ಬರುವುದೆಲ್ಲ ಪಾತ್ರೆಯೇ.

"ಒಂದು ಮಾತು ಕೇಳಿಬಿಡು ಮಾರಾಯ್ತಿ," ಎಂದರು ಗಂಡ ಓಂಕಾರಮೂರ್ತಿ, ಪೇಪರಿನಿಂದ ತಲೆಯೆತ್ತದೆ.

"ಕೇಳೋದಾ? ಸಕ್ಕರೆ ಎಷ್ಟು ಹಾಕಿದೀಯ ಅಂತ ಯಾರಾದ್ರೂ ಕೇಳ್ತಾರಾ? ದುಡ್ಡು ಹಾಳಾಗ್ಲಿ. ನಾನಂದ್ರೆ ಅವಳಿಗೆ ಅಷ್ಟೇನಾ ಅಂತ."

ಅವರಿಗೆ ನಿಜಕ್ಕೂ ನೋವಾಗಿತ್ತು. ಎರಡು ದಿನ ಬಿಟ್ಟು ಸೀತಮ್ಮ ಡಬ್ಬಿ ತುಂಬ ಹಲಸಿನ ಹಣ್ಣಿನ ಕಡುಬು ತಂದುಕೊಟ್ಟು ಹೋದಳು. ಕಡುಬು ತುಂಬಾ ಚೆನ್ನಾಗಿತ್ತು. ಅದಕ್ಕೂ ಗಿರಿಜಾಂಬಾ ಅವರಿಗೆ ಸಿಟ್ಟು ಬಂತು. ಸಂಜೆ ಡಬ್ಬಿಯನ್ನು ತಿಕ್ಕಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಒಂದು ಹರಳು ಸಕ್ಕರೆಯನ್ನೂ ಹಾಕದೆ ತಾವೇ ಒಯ್ದು ಎದುರು ಮನೆಯ ಜಗಲಿಯ ಮೇಲಿಟ್ಟು ಬಂದರು. ಸೀತಮ್ಮ ಬಂದು ಮುಚ್ಚಳ ತೆಗೆದದ್ದು ಅಡುಗೆಮನೆಯ ಕಿಟಕಿಯಿಂದ ಕಾಣಿಸಿತು. ಅವಳು ಡಬ್ಬಿಯೊಳಗೆ ಬಹಳ ಹೊತ್ತು ನೋಡಿದಳು. ಆಮೇಲೆ ಮುಚ್ಚಳ ಹಾಕಿ ಒಳಗೆ ಹೋದಳು.

ಅವತ್ತಿನಿಂದ ಮಾತಿಲ್ಲ. ಗಿರಿಜಾಂಬಾ ಆಗಾಗ ಬೆಂಗಳೂರಿಗೆ ಹೋಗಿ ಹಾಕಿಸಿಕೊಳ್ಳುವ ಕಣ್ಣಿನ ಇಂಜೆಕ್ಷನ್ನಿಗೆ ಈ ಸಲ ತಾನೇ ಜೊತೆಗೆ ಬರುತ್ತೇನೆಂದು ಸೀತಮ್ಮ ಹೇಳಿದ್ದಳು. ಅದೂ ಅಲ್ಲಿಗೇ ನಿಂತಿತು. ಇಪ್ಪತ್ತೆರಡನೇ ತಾರೀಕು ಗಿರಿಜಾಂಬಾ ನಿರಂಜನನನ್ನು ಕಟ್ಟಿಕೊಂಡು ಹೊರಟರು. ಕಳಸದಿಂದ ಬೆಂಗಳೂರಿನವರೆಗೆ ಆಧಾರ್ ತೋರಿಸಿ ಪುಕ್ಕಟೆ ಬಂದು ಇಳಿದವರು, ಮೆಟ್ರೋ ಸ್ಟೇಷನ್ನಿನ ಕೌಂಟರಿನಲ್ಲಿ ಕಾರ್ಡನ್ನೂ ಇನ್ನೂರರ ನೋಟನ್ನೂ ತುಸು ಜೋರಾಗಿಯೇ ಇಟ್ಟರು.

"ಪೂರ್ತಿ ಖಾಲಿ ಮಾಡಿ ಕೊಟ್ಟಿದಾರೆ ಕಣಮ್ಮ. ತುಂಬಿಸಿ ಕೊಡು."

ಕೌಂಟರಿನ ಹುಡುಗಿ ಕಾರ್ಡನ್ನು ಯಂತ್ರದ ಮೇಲಿಟ್ಟು ನೋಡಿದಳು. "ಫೋನಿಂದ ಹಾಕಿದಾರಲ್ಲ ಮೇಡಂ. ಒಂಬತ್ತನೇ ತಾರೀಕು, ಐನೂರು."

"ಇಲ್ಲಮ್ಮ. ಹತ್ತನೇ ತಾರೀಕು ನಾನೇ ಎರಡೆರಡು ಸಲ ನೋಡಿಸಿದೀನಿ. ಹನ್ನೊಂದೇ ಇತ್ತು."

"ಫೋನಿಂದ ಹಾಕಿದ್ದು ಗೇಟಿಗೆ ಹಿಡಿದ ಮೇಲೇನೇ ಕಾರ್ಡಿನೊಳಗೆ ಬರೋದು. ಹೋಗಿ ಹಿಡೀರಿ, ತೋರಿಸುತ್ತೆ. ಈ ನೋಟು ಇಟ್ಕೊಳ್ಳಿ."

ಗಿರಿಜಾಂಬಾ ಗೇಟಿಗೆ ಕಾರ್ಡು ಹಿಡಿದರು. ಐನೂರ ಹನ್ನೊಂದು ಎಂದು ಮೂಡಿತು. ಗೇಟು ತೆರೆಯಿತು. ದಾಟಿ ಅಲ್ಲೇ ಪಕ್ಕಕ್ಕೆ ಸರಿದು ನಿಂತರು. ಮುಚ್ಚಳ ಕೈಯಲ್ಲಿ ಹಿಡಿದು ಬರಿ ಡಬ್ಬಿಯೊಳಗೆ ನೋಡುತ್ತ ನಿಂತಿದ್ದ ಸೀತಮ್ಮ ನೆನಪಾಗಿ ಅವರಿಗೆ ತಡೆಯಲಾರದಷ್ಟು ನಾಚಿಕೆಯಾಯಿತು. ಇಂಜೆಕ್ಷನ್ನಿಗೆ ಹೊತ್ತಾಯಿತೆಂದು ನಿರಂಜನ ಕರೆಯುತ್ತಿದ್ದ. ಅವರು ಕಂಬಕ್ಕೊರಗಿ ಫೋನು ತೆಗೆದರು. ನಾಲ್ಕು ಸಲ ರಿಂಗಾದ ಮೇಲೆ ಸೀತಮ್ಮ ಎತ್ತಿದಳು.

"ಸೀತಾ, ಕಾರ್ಡಲ್ಲಿ ದುಡ್ಡಿತ್ತು ಕಣೇ. ಗೇಟಿಗೆ ಹಿಡಿದ ಮೇಲೆ ಬಂತು. ನೀನು ಖಾಲಿ ಕೊಟ್ಟೆ ಅಂದ್ಕೊಂಡು ನಾನು ಆ ಡಬ್ಬೀನ... ತಪ್ಪಾಯ್ತು ಮಾರಾಯ್ತಿ."

ಒಂದು ರೈಲು ಬಂದು ನಿಂತು, ಜನರನ್ನು ತುಂಬಿಕೊಂಡು ಹೊರಟೂ ಹೋಯಿತು.

"ಅದಕ್ಕಾ ಗಿರಿಜಕ್ಕ?" ಎಂದಳು ಸೀತಮ್ಮ ಕೊನೆಗೆ. ದನಿಯಲ್ಲಿ ಸಿಟ್ಟಿರಲಿಲ್ಲ. "ವಾಪಸ್ ಬರೋ ಬಸ್ಸು ಹತ್ತೋ ಮೊದಲೇ ಪ್ರೇರಣಾ ಕೈಲಿ ದುಡ್ಡು ಹಾಕಿಸಿದ್ದೆ. ನಾನೇನು ತಪ್ಪು ಮಾಡಿದ್ನೋ ಅಂತ ಹತ್ತು ದಿನದಿಂದ ನನಗೆ ನಿದ್ದೆ ಇಲ್ಲ. ಇದನ್ನ ತಿಳ್ಕೊಳ್ಳೋಕೆ ನೀವು ಬೆಂಗಳೂರಿನ ಗೇಟಿನವರೆಗೂ ಹೋಗ್ಬೇಕಿತ್ತಾ? ನಮ್ಮನೆ ಗೇಟು ತೆಗೆದೇ ಇತ್ತಲ್ಲ."