ಟೊಳ್ಳು ಕಂಬ

ಆಸ್ಪತ್ರೆಯ ಹೊಸ ಕಟ್ಟಡ ಉದ್ಘಾಟಿಸಲು ಬಂದ ಮಂತ್ರಿಗಳ ಕೈಗೆ ಮುದಿ ಮೇಸ್ತ್ರಿ ಸುತ್ತಿಗೆ ಕೊಟ್ಟ. "ಸಾರ್, ಈ ಕಂಬಾನ ಒಂದ್ಸಲ ತಟ್ಟಿ ನೋಡಿ. ಸದ್ದು ಕೇಳಿ ಕೆಲಸ ಅಳೆಯೋದು ನೀವೇ ಕಲಿಸಿದ್ದಲ್ವಾ?"

ರಾಜಕೀಯಕ್ಕೆ ಇಳಿಯುವ ಮೊದಲು ಅವರು ಹದಿನೆಂಟು ವರ್ಷ ಇಂಜಿನಿಯರ್ ಆಗಿದ್ದವರು. ಸೇತುವೆಯೊಂದರ ಕಳಪೆ ಕಂಬವನ್ನು ಗುತ್ತಿಗೆದಾರನ ಕಣ್ಣೆದುರೇ ಒಡೆಸಿ, ಆ ಹೆಸರಿನ ಮೇಲೆಯೇ ಚುನಾವಣೆ ಗೆದ್ದವರು. ಅಂದು ಒಡೆದವನು ಇದೇ ಮೇಸ್ತ್ರಿ. ಮಂತ್ರಿಗಳು ತಟ್ಟಿದರು. ಖಾಲಿ ಡಬ್ಬ ಬಡಿದಂಥ ಸದ್ದು ಬಂತು. ಸ್ವಲ್ಪ ಮೇಲೆ ಇನ್ನೊಮ್ಮೆ ತಟ್ಟಿದರು. ಅದೇ ಸದ್ದು.

ಪಕ್ಕದಲ್ಲೇ ಅವರ ಹೆಂಡತಿಯ ತಮ್ಮ ನಿಂತಿದ್ದ. ಕಟ್ಟಡದ ಗುತ್ತಿಗೆ ಅವನದೇ. "ಭಾವ, ಹೊರಗೆ ಜನ ಕಾಯ್ತಿದ್ದಾರೆ. ಹೋಗೋಣ್ವಾ?" ಎಂದ.

"ಗಟ್ಟಿಯಾಗೇ ಇದೆಯಲ್ಲ ಮೇಸ್ತ್ರಿ," ಎಂದ ಮಂತ್ರಿಗಳು ಅವನ ಮುಖ ನೋಡದೆ ಸುತ್ತಿಗೆ ಚಾಚಿದರು.

ಮೇಸ್ತ್ರಿ ಅದನ್ನು ಮುಟ್ಟಲಿಲ್ಲ. ಕೈಮುಗಿದು, "ತಪ್ಪಾಯ್ತು ಸ್ವಾಮಿ," ಎಂದ. "ನಮ್ಮ ಇಂಜಿನಿಯರ್ ಸಾಹೇಬ್ರು ಬರ್ತಾರೆ ಅಂತ ಬೆಳಗ್ಗೆಯಿಂದ ಕಾಯ್ತಿದ್ದೆ. ಅವರು ತೀರಿಕೊಂಡಿದ್ದು ನನಗೆ ಯಾರೂ ಹೇಳಲೇ ಇಲ್ಲ."