ಮೊಳೆಗೂ ಕೂಗುವ ಯಂತ್ರ

ಓಡ್ವಾರ್ ತನ್ನ ಅಂಗಡಿಯ ನೆಲದ ಮೇಲೆ ಒಂದು ಬೆಳ್ಳಿ ನಾಣ್ಯ, ಒಂದು ತುಕ್ಕು ಹಿಡಿದ ಮೊಳೆ ಇಟ್ಟು, ಮೆಟಲ್ ಡಿಟೆಕ್ಟರನ್ನು ಅವುಗಳ ಮೇಲೆ ನಿಧಾನವಾಗಿ ಆಡಿಸಿದ. ನಾಣ್ಯದ ಮೇಲೆ ಯಂತ್ರ ಇಂಪಾಗಿ ಕೂಗಿತು. ಮೊಳೆಯ ಮೇಲೆ ತುಟಿಪಿಟಕ್ಕೆನ್ನಲಿಲ್ಲ.

"ನೋಡಿದ್ರಾ ಇವ್ರೇ? ಹೊಸಬರಿಗೆ ಇದಕ್ಕಿಂತ ಒಳ್ಳೇದು ಸಿಗಲ್ಲ. ಹಗುರ, ಕೈ ನೋಯಲ್ಲ. ಕಬ್ಬಿಣ ಅಂದ್ರೆ ಮೂಸೂ ನೋಡಲ್ಲ."

"ನನಗೆ ಕಬ್ಬಿಣಕ್ಕೆ ಕೂಗೋದು ಬೇಕು" ಎಂದ ಇವಾರ್.

ಆಲ್ಟಾ ಪಟ್ಟಣದಲ್ಲಿ ಗಾಳ, ಬಲೆಗಳ ಜೊತೆಗೆ ಈ ಯಂತ್ರಗಳನ್ನೂ ಮಾರಿಕೊಂಡಿದ್ದ ಓಡ್ವಾರ್ ಇಂಥ ಗಿರಾಕಿಯನ್ನು ಕಂಡಿರಲಿಲ್ಲ. ಈ ಯಂತ್ರದ ಹುಚ್ಚು ಹತ್ತಿದವರೆಲ್ಲ ಹಿಂದಿನ ಕಾಲದ ವೈಕಿಂಗ್ ಕಡಲುಗಳ್ಳರು ಹೂತಿಟ್ಟ ಬೆಳ್ಳಿಯ ಕನಸು ಹೊತ್ತು ಬರುವವರು. ಮೊಳೆಗಳ ಕಾಟ ತಪ್ಪಿದರೆ ಸಾಕು ಎಂದೇ ಅವರು ಹೆಚ್ಚು ದುಡ್ಡು ಸುರಿಯುವುದು.

"ಮೊಳೆ ತಗೊಂಡು ಏನ್ ಮಾಡ್ತೀರಿ? ಅಗೆದೂ ಅಗೆದೂ ಸೊಂಟ ಬಿದ್ದೋಗುತ್ತೆ."

"ನಾನು ಅಗೆಯಲ್ಲ."

"ಅಗೆಯಲ್ವಾ? ಮತ್ತೆ ಕೊಳ್ಳೋದ್ಯಾಕೆ?"

"ಅವನನ್ನೇನು ಕೇಳ್ತೀರಿ" ಎಂದಳು ಜೊತೆಗೆ ಬಂದಿದ್ದ ಅಕ್ಕ ಆಸ್ಲಾಗ್. ಅರವತ್ತು ದಾಟಿದ್ದರೂ ತಮ್ಮನನ್ನು ರೇಗಿಸುವ ಚಟ ಅವಳಿಗೆ ಬಿಟ್ಟಿರಲಿಲ್ಲ. "ಹೋದ ವರ್ಷ ಒಂದು ದುರ್ಬೀನು ತಂದ. ಒಂದು ಹಕ್ಕಿನಾದ್ರೂ ನೋಡಿದ್ನಾ? ಅಟ್ಟದಲ್ಲಿ ಬಿದ್ದಿದೆ. ಈ ವರ್ಷ ಇದು."

ಇವಾರ್ ಅವಳ ಕಡೆ ತಿರುಗಲಿಲ್ಲ. "ನಮ್ಮನೆ ಎಲ್ಲಿತ್ತು ಅಂತ ಹುಡುಕ್ಬೇಕು" ಎಂದ, ಮೆಲ್ಲಗೆ.

ಓಡ್ವಾರ್‌ನ ನಗು ಅಲ್ಲಿಗೇ ನಿಂತಿತು. ಇವಾರ್ ಹುಟ್ಟಿದ ಶರತ್ಕಾಲದಲ್ಲೇ, ಎರಡನೇ ಮಹಾಯುದ್ಧ ಮುಗಿಯುತ್ತ ಬಂದಾಗ, ಜರ್ಮನ್ ಸೈನ್ಯ ಹಿಂದೆ ಸರಿಯುತ್ತ ನಾರ್ವೆಯ ಈ ಉತ್ತರದ ಊರುಗಳಿಗೆಲ್ಲ ಬೆಂಕಿ ಇಟ್ಟಿತ್ತು. ಮರದ ಮನೆಗಳು ಬೂದಿಯಾದವು. ಉಳಿದ ಅಡಿಪಾಯದ ಕಲ್ಲುಗಳನ್ನು ಆಮೇಲೆ ಯಾರೋ ದೋಣಿಕಟ್ಟೆ ಕಟ್ಟಲು ಹೊತ್ತೊಯ್ದರು. ಇವಾರ್‌ನನ್ನು ಮೀನಿನ ಪೆಟ್ಟಿಗೆಯಲ್ಲಿ ಮಲಗಿಸಿ ದೋಣಿಗೆ ಹತ್ತಿಸಿದ್ದರಂತೆ. ಒಂದು ಫೋಟೋ ಕೂಡ ಉಳಿಯಲಿಲ್ಲ. ಆದರೆ ಆಮೇಲೆ ಎಷ್ಟು ಊರು ಬದಲಿಸಿದರೂ ಅಪ್ಪ, ಅಮ್ಮ, ಅಕ್ಕ ಮೂವರೂ 'ನಮ್ಮನೇಲಿ' ಅಂದರೆ ಆ ಮನೆಯೇ. ಒಲೆ ಎಡಕ್ಕಿತ್ತೋ ಬಲಕ್ಕಿತ್ತೋ ಎಂದು ಕ್ರಿಸ್‌ಮಸ್ ಊಟದ ಮುಂದೆ ಜಗಳ ಆಡುತ್ತಿದ್ದರು. ಇವಾರ್ ಬಾಯಿ ಹಾಕಿದರೆ, "ನಿಂಗೇನೋ ಗೊತ್ತು, ತೊಟ್ಟಿಲ ಕೂಸು" ಎಂದು ಎಲ್ಲರೂ ನಗುತ್ತಿದ್ದರು. ಅವನೂ ನಗುತ್ತಿದ್ದ. ಆ ಜಗಳದಲ್ಲಿ ತನಗೂ ಒಂದು ಪಾಲು ಬೇಕು ಎನ್ನುವ ಆಸೆ ಮಾತ್ರ ಐವತ್ತು ದಾಟಿದರೂ ಅವನನ್ನು ಬಿಟ್ಟಿರಲಿಲ್ಲ.

ಓಡ್ವಾರ್ ಒಳಗಿನಿಂದ ಧೂಳು ಹಿಡಿದ ಒಂದು ಯಂತ್ರ ತಂದ. "ಇದು ಶುದ್ಧ ದಡ್ಡ. ಬೆಳ್ಳಿ, ಮೊಳೆ, ಬಾಟ್ಲಿ ಮುಚ್ಚಳ, ಎಲ್ಲಕ್ಕೂ ಒಂದೇ ರಾಗ. ಆದ್ರೆ ನೆಲದ ಮೇಲೆ ಆಡಿಸೋ ಈ ತಟ್ಟೆ ಚಿಕ್ಕದು, ಒತ್ತಾಗಿರೋ ಮೊಳೆಗಳನ್ನೂ ಒಂದೊಂದಾಗಿ ಹೇಳುತ್ತೆ. ಹೊಸಬರಿಗೆ ನಾನು ಇದನ್ನ ತೋರ್ಸೋದೇ ಇಲ್ಲ. ನಿಮಗೆ ಇದೇ ಸರಿ." ಆಮೇಲೆ ಕೇಳಿದ, "ಯಾವ ಕಡೆ ನಿಮ್ಮದು?"

ಇವಾರ್ ಊರಿನ ಹೆಸರು ಹೇಳಿದ. ಓಡ್ವಾರ್ ತಲೆ ಆಡಿಸಿದ. "ಗುಂಡು-ಗಿಂಡು ಕಂಡ್ರೆ ಮುಟ್ಬೇಡಿ, ಪೊಲೀಸರಿಗೆ ಹೇಳಿ" ಎಂದಷ್ಟೇ ಹೇಳಿ, ಹೊಸ ಬ್ಯಾಟರಿಗಳನ್ನು ತಾನೇ ಹಾಕಿಕೊಟ್ಟ.

ಭಾನುವಾರ ಅಕ್ಕ ತಮ್ಮ ಇಬ್ಬರೂ ಕಡಲ ದಂಡೆಯ ಹುಲ್ಲಿನ ಇಳಿಜಾರಿಗೆ ಹೋದರು. ಮನೆ ಎಲ್ಲಿತ್ತು ಎಂದು ಆಸ್ಲಾಗ್‌ಗೂ ಗೊತ್ತಾಗಲಿಲ್ಲ. ಇಲ್ಲಿ ಎಂದಳು, ಅಲ್ಲ ಅಲ್ಲಿ ಎಂದಳು, ಕೊನೆಗೆ ಫ್ಲಾಸ್ಕಿನ ಕಾಫಿ ಬಗ್ಗಿಸಿಕೊಂಡು ಒಂದು ಬಂಡೆಯ ಮೇಲೆ ಕೂತುಬಿಟ್ಟಳು. ಇವಾರ್ ಹುಲ್ಲಿನ ಮೇಲೆ ಯಂತ್ರ ಆಡಿಸುತ್ತ ಹೋದ. ಬಹಳ ಹೊತ್ತು ಏನೂ ಇಲ್ಲ.

"ಬಾರೋ, ಕಾಫಿ ಆರೋಗುತ್ತೆ. ದಡ್ಡನ ಕೈಗೆ ದಡ್ಡ ಯಂತ್ರ ಸಿಕ್ಕಿದೆ."

ಆಗ ಯಂತ್ರ ಕೂಗಿತು. ಒಂದು ಹೆಜ್ಜೆ ಮುಂದೆ ಮತ್ತೆ ಕೂಗಿತು. ಇವಾರ್ ಕೂಗಿದಲ್ಲೆಲ್ಲ ಒಂದೊಂದು ಭೂರ್ಜ ಮರದ ಕಡ್ಡಿ ನೆಡುತ್ತ ನಡೆದ. ಕಡ್ಡಿಗಳು ನೇರವಾಗಿ ಸಾಗಿ, ಒಂದು ಕಡೆ ತಿರುಗಿ, ಮತ್ತೆ ನೇರ ಸಾಗಿದವು. ಬೆಂಕಿಯಲ್ಲಿ ಗೋಡೆ ಹೋಗಿತ್ತು, ಗೋಡೆಯ ಮೊಳೆಗಳು ಬಿದ್ದಲ್ಲೇ ಇದ್ದವು. ಕಡಲ ಕಡೆಯ ಸಾಲಿನ ನಡುವೆ ಯಂತ್ರ ಇದ್ದಕ್ಕಿದ್ದಂತೆ ಸುಮ್ಮನಾಯಿತು. ಇನ್ನೂ ಒಂದು ಹೆಜ್ಜೆ ಹೋದ ಮೇಲೆ ಮತ್ತೆ ಕೂಗಿತು. ಅವನು ಹಿಂದೆ ಬಂದು ಆಡಿಸಿದ. ಸದ್ದಿಲ್ಲ.

"ಕೆಟ್ಟೋಯ್ತೇನೋ?" ಆಸ್ಲಾಗ್ ಕೇಳಿದಳು.

"ಇಲ್ಲ ಅಕ್ಕ. ಇಲ್ಲಿ ಮೊಳೆನೇ ಇಲ್ಲ. ಇಷ್ಟಗಲ."

ಅವಳು ಲೋಟ ಕೆಳಗಿಟ್ಟು ಎದ್ದು ಬಂದಳು. ಎರಡು ಕಡ್ಡಿಗಳ ನಡುವಿನ ಆ ಖಾಲಿ ಹುಲ್ಲನ್ನು ನೋಡಿದಳು. ಅದಕ್ಕೆ ಬೆನ್ನು ಮಾಡಿ ಕಡಲ ಕಡೆ ತಿರುಗಿದಳು. ನೆಟ್ಟಗೆ ಎದುರಿಗೆ ಪುಟ್ಟ ನಡುಗಡ್ಡೆ ಇತ್ತು. ಅವಳ ಮುಖದಲ್ಲಿದ್ದ ತಮಾಷೆ ಹೊರಟುಹೋಯಿತು.

"ಬಾಗಿಲು" ಎಂದಳು. "ಬಾಗಿಲು ತೆಗೆದ್ರೆ ಎದುರಿಗೆ ಆ ನಡುಗಡ್ಡೆನೇ ಕಾಣ್ತಿತ್ತು. ಅಮ್ಮ ನಿನ್ನ ಎತ್ಕೊಂಡು ಇಲ್ಲಿಂದ್ಲೇ ಕಣೋ ಹೊರಗೆ ಬಂದಿದ್ದು."

ಇವಾರ್ ಯಂತ್ರವನ್ನು ಹುಲ್ಲಿನ ಮೇಲೆ ಮಲಗಿಸಿದ. ಕಡ್ಡಿಗಳ ನಡುವೆ ಕಾಲಿಡಲು ಹೆಜ್ಜೆ ಎತ್ತಿದ.

"ಏಯ್, ನಿಲ್ಲೋ!" ಆಸ್ಲಾಗ್ ಚಿಕ್ಕ ಹುಡುಗಿಯಂತೆ ಕಿರುಚಿದಳು. "ಶೂ ಬಿಚ್ಚೋ ಮೊದ್ಲು. ಅಮ್ಮ ಈಗ ತಾನೇ ನೆಲ ಒರೆಸಿದಾಳೆ."